ಸಿಟಿ ಬಸ್ಸಿಗೆ ಎಟುಕುವ ಹಿಮಪರ್ವತ: ಅಲ್ಮಾಟಿಯಲ್ಲಿ ಐದು ರಾತ್ರಿ ಕಳೆಯಲು ರೂಪಿಸಿದ ಯೋಜನೆಯ ಪ್ರಕರಣ ಅಧ್ಯಯನ

ಬೆಂಗಳೂರಿನ ಬನಶಂಕರಿಯ ನಾಲ್ವರ ಕುಟುಂಬವೊಂದು 2025ರ ದಸರಾ ರಜೆಯಲ್ಲಿ ಹೊರದೇಶದ ಬೆಟ್ಟದ ಊರೊಂದನ್ನು ನೋಡಿಬರಬೇಕೆಂದು ನಿಶ್ಚಯಿಸಿತು. ಗಂಡ ಹೆಂಡತಿ ಇಬ್ಬರೂ ಉದ್ಯೋಗದಲ್ಲಿರುವವರು, ಮಗಳು ಇಂಜಿನಿಯರಿಂಗ್ ವಿದ್ಯಾರ್ಥಿನಿ, ಜೊತೆಗೆ ಗಂಡನ ತಾಯಿ. ಅವರಿಗೆ 66 ವರ್ಷ; ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಮೊಣಕಾಲು ನೋವಿರುವುದರಿಂದ ಇಳಿಜಾರಿನಲ್ಲಿ ಹೆಚ್ಚು ನಡೆಯಲಾರರು. ನಾಲ್ವರೂ ಸಸ್ಯಾಹಾರಿಗಳು. ಆಯುಧಪೂಜೆಯೂ ವಿಜಯದಶಮಿಯೂ ಮನೆಯಲ್ಲಿಯೇ ಆಗಬೇಕೆಂಬುದು ಅಜ್ಜಿಯ ಷರತ್ತಾಗಿತ್ತು. ಆ ವರ್ಷ ವಿಜಯದಶಮಿ ಅಕ್ಟೋಬರ್ 2ರ ಗುರುವಾರ ಬಂದಿತ್ತು. ಮುಂದಿನ ಬುಧವಾರದ ಹೊತ್ತಿಗೆ ಎಲ್ಲರೂ ಮನೆ ಸೇರಬೇಕಾಗಿತ್ತು. ಒಟ್ಟು ವೆಚ್ಚಕ್ಕೆ ಅವರು ಹಾಕಿಕೊಂಡ ಮಿತಿ 2,80,000 ರೂಪಾಯಿ, ಅಂದರೆ ತಲಾ 70 ಸಾವಿರ.

ಈ ಯೋಜನೆಯನ್ನು ಆರಂಭದಿಂದಲೂ ಅವರೊಂದಿಗೆ ಕುಳಿತು ರೂಪಿಸಿದವನಾದ್ದರಿಂದ, ಯಾವ ತೀರ್ಮಾನವನ್ನು ಏಕೆ ಕೈಗೊಂಡೆವು ಎಂಬುದನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ. ಕಡಿಮೆ ದಿನಗಳ ಪ್ರವಾಸದಲ್ಲಿ ಹಣಕ್ಕಿಂತ ಮೊದಲು ತೀರಿಹೋಗುವುದು ಹೊತ್ತು. ಇಳಿದುಕೊಂಡ ಮನೆಯಿಂದ ಬೆಟ್ಟಕ್ಕೆ ಸಿಟಿ ಬಸ್ಸಿನಲ್ಲಿ ಹೋಗಬಹುದಾದ ಊರನ್ನು ಆರಿಸಿಕೊಂಡು, ದೂರದ ಆಕರ್ಷಣೆಗಳನ್ನು ಗಟ್ಟಿ ಮನಸ್ಸಿನಿಂದ ಕೈಬಿಟ್ಟರೆ ಹಣವೂ ಹೊತ್ತೂ ಒಟ್ಟಿಗೇ ಉಳಿಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪ್ರಕರಣದ ಪ್ರತಿಯೊಂದು ತೀರ್ಮಾನವೂ ಅದೇ ಆಧಾರದ ಮೇಲೆ ನಿಂತಿದೆ.

ಊರಿನ ಆಯ್ಕೆ

ಮೊದಲ ಪಟ್ಟಿಯಲ್ಲಿ ಕಠ್ಮಂಡು, ಭೂತಾನದ ಥಿಂಫು, ವಿಯೆಟ್ನಾಂನ ದಲಾತ್, ಜಾರ್ಜಿಯಾದ ಟಿಬಿಲಿಸಿ ಮತ್ತು ಕಜಾಕಸ್ತಾನದ ಅಲ್ಮಾಟಿ ಇದ್ದವು. ಕಠ್ಮಂಡು ಎಲ್ಲಕ್ಕಿಂತ ಸುಲಭವಾದದ್ದು. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ, ಸಸ್ಯಾಹಾರಕ್ಕೂ ತೊಂದರೆಯಿಲ್ಲ. ಆದರೆ ನಮ್ಮ ದಸರೆಯ ದಿನಗಳೇ ನೇಪಾಳಿಗಳ ದಶೈಂ ಹಬ್ಬದ ದಿನಗಳು. ಆ ವಾರ ಕಠ್ಮಂಡುವಿನ ಜನ ತಮ್ಮ ತಮ್ಮ ಹಳ್ಳಿಗಳಿಗೆ ಹೊರಟುಹೋಗುತ್ತಾರೆ, ಬಹಳಷ್ಟು ಅಂಗಡಿ ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಬಸ್ಸು ವಿಮಾನಗಳು ತುಂಬಿ ತುಳುಕುತ್ತವೆ. ಭೂತಾನದಲ್ಲಿ ಭಾರತೀಯ ಪ್ರವಾಸಿಗರು ತಲಾ ಒಂದು ರಾತ್ರಿಗೆ 1,200 ರೂಪಾಯಿಯ ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು; ನಾಲ್ವರ ಐದು ರಾತ್ರಿಗಳಿಗೆ ಅದೊಂದೇ 24,000 ರೂಪಾಯಿಯಾಗುತ್ತದೆ. ದಲಾತ್ ಚೆಂದದ ಊರಾದರೂ ಸುಮಾರು 1,500 ಮೀಟರ್ ಎತ್ತರದ ಹಸಿರು ಗುಡ್ಡಗಳನ್ನು ನೋಡಲು ಕೊಡಗಿನ ನಾಡಿನವರು ಅಷ್ಟು ದೂರ ಹೋಗಬೇಕೇ ಎಂದು ಮಗಳೇ ಪ್ರಶ್ನಿಸಿದಳು. ಜಾರ್ಜಿಯಾಕ್ಕೆ ವೀಸಾ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯಬೇಕು. ಉತ್ತರ ಬರುವ ಮೊದಲೇ ರದ್ದುಪಡಿಸಲಾಗದ ಟಿಕೆಟ್ ಕೊಳ್ಳುವುದು ನಾಲ್ವರ ಕುಟುಂಬಕ್ಕೆ ದೊಡ್ಡ ಅಪಾಯ.

ಅಲ್ಮಾಟಿಯ ಪರವಾಗಿದ್ದ ಮೊದಲ ಅಂಶ ಪ್ರವೇಶ ನಿಯಮ. 2022ರ ಜುಲೈನಿಂದ ಕಜಾಕಸ್ತಾನವು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಭೇಟಿಯಲ್ಲಿ 14 ದಿನಗಳವರೆಗೆ, 180 ದಿನಗಳಲ್ಲಿ ಒಟ್ಟು 42 ದಿನಗಳವರೆಗೆ ವೀಸಾ ಇಲ್ಲದೆ ಉಳಿಯಲು ಅವಕಾಶ ಕೊಟ್ಟಿದೆ. ಎರಡನೆಯ ಅಂಶ ಭೂಗೋಳ. ಬೆಂಗಳೂರು, ದೆಹಲಿ, ಅಲ್ಮಾಟಿ ಮೂರೂ 77ನೆಯ ಪೂರ್ವ ರೇಖಾಂಶದ ಆಸುಪಾಸಿನಲ್ಲಿವೆ. ನಕಾಶೆಯ ಮೇಲೆ ದೆಹಲಿಯಿಂದ ನೇರ ಉತ್ತರಕ್ಕೆ ಸುಮಾರು 1,600 ಕಿಲೋಮೀಟರ್ ಗೆರೆ ಎಳೆದರೆ ಅಲ್ಮಾಟಿ ಸಿಗುತ್ತದೆ. ಇದು ಬೆಂಗಳೂರಿನಿಂದ ದೆಹಲಿಗಿರುವ ದೂರಕ್ಕಿಂತ ತುಸು ಕಡಿಮೆಯೇ. 2024ರ ಮಾರ್ಚ್‌ನಲ್ಲಿ ಇಡೀ ಕಜಾಕಸ್ತಾನವು ಒಂದೇ ಸಮಯವಲಯಕ್ಕೆ ಬಂದ ಮೇಲೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮಾತ್ರ ಹಿಂದಿದೆ. ಹೀಗಾಗಿ ಅಜ್ಜಿಯ ನಿದ್ರೆಯೂ ಮಾತ್ರೆಯ ವೇಳೆಯೂ ಏರುಪೇರಾಗುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಊರು ನಿಂತಿರುವ ನೆಲೆ. 1854ರಲ್ಲಿ ವೆರ್ನಿ ಎಂಬ ರಷ್ಯನ್ ಕೋಟೆಯಾಗಿ ಆರಂಭವಾದ ಈ ನಗರ 1997ರವರೆಗೆ ದೇಶದ ರಾಜಧಾನಿಯಾಗಿತ್ತು. ಆದ್ದರಿಂದ ಮೆಟ್ರೊ, ಬಸ್ಸು, ಆಸ್ಪತ್ರೆ, ಉದ್ಯಾನಗಳೆಲ್ಲ ಮಹಾನಗರದ ಮಟ್ಟದಲ್ಲಿವೆ. ಅದರ ದಕ್ಷಿಣದ ಅಂಚಿನಲ್ಲಿಯೇ ತಿಯಾನ್ ಶಾನ್ ಪರ್ವತಗಳ ಇಲೆ ಅಲತಾವು ಶ್ರೇಣಿ ಎದ್ದು ನಿಂತಿದೆ. ಅದರ ಅತ್ಯುನ್ನತ ಶಿಖರ ತಲ್ಗಾರ್ ಸುಮಾರು 4,970 ಮೀಟರ್ ಎತ್ತರವಿದೆ. ಊರಿನ ಬೀದಿಗಳು ದಕ್ಷಿಣಕ್ಕೆ ಏರುತ್ತ ಹೋಗುವುದರಿಂದ ಅಲ್ಲಿನವರು ದಾರಿ ಹೇಳುವಾಗ ಬೆಟ್ಟದ ಕಡೆಗೆ ಮೇಲೆ, ಬಯಲಿನ ಕಡೆಗೆ ಕೆಳಗೆ ಎನ್ನುತ್ತಾರೆ. ಹೊಸಬರಿಗೂ ದಿಕ್ಕು ತಪ್ಪುವುದಿಲ್ಲ.

ದಾರಿಯ ಲೆಕ್ಕ

ಹೆಚ್ಚು ಚರ್ಚೆಯಾದದ್ದು ವಿಮಾನದ ವಿಚಾರ. 2023ರ ಸೆಪ್ಟೆಂಬರ್‌ನಲ್ಲಿ ಇಂಡಿಗೊ ದೆಹಲಿಯಿಂದ ಅಲ್ಮಾಟಿಗೆ ನೇರ ಸೇವೆ ಆರಂಭಿಸಿದ ಮೇಲೆ ಕಜಾಕಸ್ತಾನದ ವಿಮಾನಸಂಸ್ಥೆ ಏರ್ ಅಸ್ತಾನಾಕ್ಕೆ ಪೈಪೋಟಿ ಹುಟ್ಟಿ, ಈ ಊರು ನಮ್ಮವರ ಕೈಗೆಟುಕುವಂತಾಗಿತ್ತು. ಆದರೆ 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಸಂಸ್ಥೆಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಸುತ್ತಿ ಬಳಸಿ ಹೋಗುವ ದಾರಿ ತನ್ನಲ್ಲಿರುವ ವಿಮಾನಗಳ ವ್ಯಾಪ್ತಿಯನ್ನು ಮೀರುತ್ತದೆ ಎಂಬ ಕಾರಣದಿಂದ ಇಂಡಿಗೊ ಅಲ್ಮಾಟಿ ಮತ್ತು ತಾಷ್ಕೆಂಟ್ ಸೇವೆಗಳನ್ನು ನಿಲ್ಲಿಸಿತು. ನಿರ್ಬಂಧ ಭಾರತೀಯ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವುದರಿಂದ ಕಜಾಕ್ ಸಂಸ್ಥೆಯ ವಿಮಾನ ನೇರ ದಾರಿಯಲ್ಲಿಯೇ ಹಾರಬಹುದು. ಪೈಪೋಟಿ ಕುಗ್ಗಿದ ದಾರಿಯಲ್ಲಿ ಹಳೆಯ ಅಗ್ಗದ ದರವನ್ನು ನಿರೀಕ್ಷಿಸುವಂತಿರಲಿಲ್ಲ. ಎರಡು ವರ್ಷ ಹಿಂದೆ ಹೋಗಿಬಂದವರ ಖರ್ಚನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ ಎಂದು ಮೊದಲ ದಿನವೇ ಹೇಳಬೇಕಾಯಿತು.

ಶಾರ್ಜಾ ಮೂಲಕ ಹೋಗುವ ಇನ್ನೊಂದು ದಾರಿಯೂ ಇತ್ತು. ಬೆಂಗಳೂರಿನಿಂದ ಶಾರ್ಜಾಕ್ಕೂ ಅಲ್ಲಿಂದ ಅಲ್ಮಾಟಿಗೂ ಒಂದೇ ಸಂಸ್ಥೆಯ ಒಂದೇ ಟಿಕೆಟ್ಟಿನಲ್ಲಿ ಹೋಗಬಹುದು. ಆದರೆ ನೇರ ಉತ್ತರಕ್ಕಿರುವ ಊರಿಗೆ ಪಶ್ಚಿಮಕ್ಕೆ ಹೋಗಿ ತಿರುಗಿ ಬರುವ ಆ ದಾರಿಯಲ್ಲಿ, ನಡುವಿನ ಕಾಯುವಿಕೆಯೂ ಸೇರಿ, ಹೋಗುವಾಗ ಬರುವಾಗ ತಲಾ ಒಂದು ರಾತ್ರಿಯ ನಿದ್ರೆ ಕೆಡುತ್ತದೆ. ನಾಲ್ವರು ಯುವಕರಾಗಿದ್ದರೆ ಅದನ್ನೇ ಆರಿಸಿ ಎನ್ನುತ್ತಿದ್ದೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಅದು ತಕ್ಕದ್ದಲ್ಲ.

ಆದ್ದರಿಂದ ದೆಹಲಿಯ ದಾರಿಯೇ ನಿಶ್ಚಯವಾಯಿತು. ಇಲ್ಲಿ ಬಹಳ ಜನ ಕಡೆಗಣಿಸುವ ಒಂದು ಸಂಗತಿಯಿದೆ. ದೇಶೀ ಟಿಕೆಟ್ಟನ್ನೂ ಅಂತರರಾಷ್ಟ್ರೀಯ ಟಿಕೆಟ್ಟನ್ನೂ ಬೇರೆ ಬೇರೆಯಾಗಿ ಕೊಂಡಾಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾವ ಸಂಸ್ಥೆಯೂ ಹೊಣೆ ಹೊರುವುದಿಲ್ಲ. ದೆಹಲಿಯಲ್ಲಿ ಲಗೇಜನ್ನು ಬಿಡಿಸಿಕೊಂಡು ಹೊರಬಂದು ಮತ್ತೆ ಒಪ್ಪಿಸಬೇಕು. ದೇಶೀ ವಿಮಾನ ಒಂದನೆಯ ಟರ್ಮಿನಲ್‌ನಲ್ಲಿ ಇಳಿದರೆ ಅಂತರರಾಷ್ಟ್ರೀಯ ವಿಮಾನಗಳ ಮೂರನೆಯ ಟರ್ಮಿನಲ್‌ಗೆ ರಸ್ತೆಯ ಮೂಲಕವೇ ಹೋಗಬೇಕು. ಇದನ್ನೆಲ್ಲ ಯೋಚಿಸಿ, ವಿಜಯದಶಮಿಯ ಪೂಜೆ ಊಟ ಮುಗಿಸಿ ಗುರುವಾರ ಸಂಜೆಯೇ ದೆಹಲಿಗೆ ಹಾರಿ, ವಿಮಾನನಿಲ್ದಾಣದ ಬಳಿ ರಾತ್ರಿ ಮಲಗಿ, ಶುಕ್ರವಾರ ಅಲ್ಮಾಟಿಗೆ ಹೊರಡುವುದೆಂದು ತೀರ್ಮಾನಿಸಿದೆವು. ಆ ಒಂದು ರಾತ್ರಿಯ 4,500 ರೂಪಾಯಿಯನ್ನು ದುಂದುವೆಚ್ಚವೆಂದು ಯಜಮಾನರು ಮೊದಲು ಆಕ್ಷೇಪಿಸಿದರು. ವಿಮಾನ ತಪ್ಪಿದರೆ ನಾಲ್ಕು ಹೊಸ ಟಿಕೆಟ್ಟುಗಳಿಗೆ ಆಗುವ ಖರ್ಚನ್ನು ಪಕ್ಕದಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿಕೊಂಡರು.

ಪ್ಯಾಕೇಜ್ ಕೊಳ್ಳುವುದೋ ನಾವೇ ಕಾಯ್ದಿರಿಸುವುದೋ ಎಂಬ ಪ್ರಶ್ನೆಗೆ ತೆರಿಗೆಯೂ ಒಂದು ಉತ್ತರ ಕೊಟ್ಟಿತು. 2025-26ರಲ್ಲಿ ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ 10 ಲಕ್ಷ ರೂಪಾಯಿಯವರೆಗೆ ಶೇಕಡಾ 5ರಷ್ಟು ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಇತ್ತು. ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ನಿಜ. ಆದರೆ 2,80,000 ರೂಪಾಯಿಗೆ 14,000 ರೂಪಾಯಿ ಅಷ್ಟು ಕಾಲ ಕೈಬಿಟ್ಟುಹೋಗುತ್ತದೆ. ಅದು ಈ ಕುಟುಂಬ ಆಪತ್ತಿಗೆಂದು ತೆಗೆದಿಟ್ಟಿದ್ದ ಮೊತ್ತದಷ್ಟೇ ಇದೆ.

ಉಳಿದುಕೊಳ್ಳುವ ಜಾಗ

ಅಲ್ಮಾಟಿಯಲ್ಲಿ ಎಲ್ಲಿ ಉಳಿಯಬೇಕೆಂಬುದೇ ಇಡೀ ಯೋಜನೆಯ ಕೀಲಿ. ವಿಮಾನನಿಲ್ದಾಣದ ಕಡೆಗೂ ಊರಿನ ಕೆಳಭಾಗದಲ್ಲಿಯೂ ಅಗ್ಗದ ಕೋಣೆಗಳು ಸಿಗುತ್ತವೆ, ಆದರೆ ಅಲ್ಲಿಂದ ದಿನವೂ ಊರನ್ನು ದಾಟಿ ಬೆಟ್ಟದ ಕಡೆಗೆ ಏರಬೇಕು. ನಾವು ಹುಡುಕಿದ್ದು ದೊಸ್ತಿಕ್ ಅವೆನ್ಯೂ ಮತ್ತು ಅಬಾಯ್ ಅವೆನ್ಯೂ ಸೇರುವ ಭಾಗದಲ್ಲಿ. 26 ಮಹಡಿಗಳ ಹೋಟೆಲ್ ಕಜಾಕಸ್ತಾನ್ ಅಲ್ಲಿನ ಗುರುತು. ಅದರ ಹತ್ತಿರದ ರಿಪಬ್ಲಿಕ್ ಅರಮನೆಯ ಪಕ್ಕದಿಂದ ಕೋಕ್ ತೊಬೆ ಗುಡ್ಡಕ್ಕೆ ರೋಪ್‌ವೇ ಹೊರಡುತ್ತದೆ; ಎದುರಿನ ನಿಲ್ದಾಣದಿಂದ 12ನೆಯ ನಂಬರಿನ ಸಿಟಿ ಬಸ್ಸು ನೇರವಾಗಿ ಮೆದೆವು ಕಣಿವೆಗೆ ಹೋಗುತ್ತದೆ; ಅಬಾಯ್ ಮೆಟ್ರೊ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಈ ಒಂದು ಆಯ್ಕೆಯಿಂದ ಐದು ದಿನಗಳ ಪೈಕಿ ನಾಲ್ಕು ದಿನ ಕಾರು ಗೊತ್ತುಮಾಡುವ ಅಗತ್ಯವೇ ಬೀಳಲಿಲ್ಲ.

ಹೋಟೆಲಿನ ಎರಡು ಕೋಣೆಗಳ ಬದಲು ಅಡುಗೆಮನೆಯಿರುವ ಎರಡು ಮಲಗುವ ಕೋಣೆಗಳ ಅಪಾರ್ಟ್‌ಮೆಂಟನ್ನು ದಿನಕ್ಕೆ 5,500 ರೂಪಾಯಿ ಲೆಕ್ಕದಲ್ಲಿ ಹಿಡಿದೆವು. ಇದಕ್ಕೆ ಊಟವೇ ಕಾರಣ. ಕಜಾಕ್ ಅಡುಗೆ ಮಾಂಸವನ್ನೇ ನಡುಗಂಬವಾಗಿ ಇಟ್ಟುಕೊಂಡದ್ದು. ಕುದುರೆ ಮಾಂಸವೂ ಅಲ್ಲಿ ಗೌರವದ ಆಹಾರ. ತರಕಾರಿ ಸೂಪು ಎಂದು ಬರೆದಿದ್ದರೂ ಅದರ ರಸ ಮಾಂಸದ್ದಾಗಿರಬಹುದು, ಆದ್ದರಿಂದ ಆರ್ಡರ್ ಮಾಡುವ ಮೊದಲೇ ಕೇಳಿ ತಿಳಿಯಬೇಕು. ಅದೇ ಊರಿನಲ್ಲಿ ಒಲೆಯಿಂದ ಆಗತಾನೇ ತೆಗೆದ ತಂದೂರಿ ರೊಟ್ಟಿ, ಕುಂಬಳಕಾಯಿ ತುಂಬಿದ ಸಮ್ಸಾ, ಮೊಸರಿನಂಥ ಕೆಫೀರ್, ಅಕ್ರೋಟು, ಒಣದ್ರಾಕ್ಷಿ, ಬಗೆಬಗೆಯ ಸೇಬು ಧಾರಾಳವಾಗಿ ಸಿಗುತ್ತವೆ. ಹಸಿರು ಬಜಾರಿನಲ್ಲಿ ಕೊರಿಯನ್ ಮೂಲದ ಹೆಂಗಸರು ಮಾರುವ ಕ್ಯಾರೆಟ್ ಕೋಸಂಬರಿ ನಮ್ಮ ನಾಲಗೆಗೆ ಬೇಗ ಹಿಡಿಸುತ್ತದೆ. 1937ರಲ್ಲಿ ಸ್ಟಾಲಿನ್ ಸರ್ಕಾರ ಸೋವಿಯತ್ ದೇಶದ ದೂರಪೂರ್ವದಿಂದ ಬಲವಂತವಾಗಿ ಇಲ್ಲಿಗೆ ಸಾಗಿಸಿದ ಕೊರಿಯನ್ನರ ಸಂತತಿಯವರು ಅವರು. ಆ ಸಾಲಿನಲ್ಲಿ ನಿಂತು ಕೊಳ್ಳುವಾಗ ಈ ಚರಿತ್ರೆ ಗೊತ್ತಿರಬೇಕು ಎನಿಸುತ್ತದೆ. ಅಜ್ಜಿ ರವೆ, ಗೊಜ್ಜವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡರು. ಬೆಳಗಿನ ತಿಂಡಿಯೂ ರಾತ್ರಿಯ ಊಟವೂ ಮನೆಯಲ್ಲಿ, ಮಧ್ಯಾಹ್ನ ಮಾತ್ರ ಹೊರಗೆ ಎಂಬ ಏರ್ಪಾಟಿನಿಂದ ಆಹಾರದ ವೆಚ್ಚ 24,000 ರೂಪಾಯಿಯೊಳಗೆ ನಿಲ್ಲುವಂತಾಯಿತು. ಅಪಾರ್ಟ್‌ಮೆಂಟ್ ಹಿಡಿಯುವವರು ಒಂದು ಕೆಲಸ ಮರೆಯಬಾರದು. ವಿದೇಶಿಯರು ಬಂದಿಳಿದ ಮಾಹಿತಿಯನ್ನು ವಲಸೆ ಇಲಾಖೆಗೆ ತಿಳಿಸುವುದು ಉಳಿಸಿಕೊಂಡವರ ಹೊಣೆ. ಹೋಟೆಲುಗಳು ತಾವಾಗಿಯೇ ಮಾಡುತ್ತವೆ, ಮನೆಯ ಮಾಲೀಕರನ್ನು ಮಾತ್ರ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ದಿನಗಳ ಜೋಡಣೆ

ದಿನಚರಿಯನ್ನು ವಾರದ ದಿನಗಳ ಲೆಕ್ಕದಲ್ಲಿಯೇ ಕಟ್ಟಿದೆವು. ಹಸಿರು ಬಜಾರು ಸೋಮವಾರ ಮುಚ್ಚಿರುತ್ತದೆ, ಆದ್ದರಿಂದ ಅದು ಶನಿವಾರಕ್ಕೆ ಬಂತು. ಅದರ ಹತ್ತಿರವೇ ಪಾನ್‌ಫಿಲೊವ್ ಉದ್ಯಾನವಿದೆ. ಅದರೊಳಗೆ 1904ರಿಂದ 1907ರ ನಡುವೆ ಕಟ್ಟಿದ, ಸುಮಾರು 56 ಮೀಟರ್ ಎತ್ತರದ ಮರದ ಕೆಥೆಡ್ರಲ್ ನಿಂತಿದೆ. 1911ರ ಭೀಕರ ಭೂಕಂಪದಲ್ಲಿ ಊರಿನ ಬಹುಭಾಗ ನೆಲಕ್ಕುರುಳಿದಾಗ ಇಂಜಿನಿಯರ್ ಆಂದ್ರೆ ಝೆಂಕೋವ್ ಕಟ್ಟಿದ ಈ ಕಟ್ಟಡ ಉಳಿದುಕೊಂಡಿತು. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ಮಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಅಲ್ಲಿ ಅಕ್ಟೋಬರ್ ಮೊದಲ ವಾರದಲ್ಲಿ ಸಂಜೆ ಐದೂವರೆಯ ಸುಮಾರಿಗೇ ಸೂರ್ಯ ಮುಳುಗುವುದರಿಂದ ಕೋಕ್ ತೊಬೆಯ ರೋಪ್‌ವೇಯನ್ನು ನಾಲ್ಕೂವರೆಗೆ ಹತ್ತುವಂತೆ ಗೊತ್ತುಪಡಿಸಿದೆವು. ಬೆಂಗಳೂರಿನ ಅಭ್ಯಾಸದಂತೆ ಆರು ಗಂಟೆಗೆ ಹೋದರೆ ಊರಿನ ದೀಪಗಳು ಕಾಣುತ್ತವೆ, ಬೆಟ್ಟ ಕಾಣುವುದಿಲ್ಲ.

ಸ್ಥಳೀಯರು ಕುಟುಂಬಸಮೇತ ಬೆಟ್ಟಕ್ಕೆ ಹೋಗುವುದು ಶನಿವಾರ, ಭಾನುವಾರ. ಆದ್ದರಿಂದ ಮೆದೆವು ಮತ್ತು ಅದರ ಮೇಲ್ಗಡೆಯ ಸ್ಕೀಯಿಂಗ್ ತಾಣ ಶಿಂಬುಲಾಕ್ ಸೋಮವಾರಕ್ಕೆ ಬಂದವು. ಮಂಗಳವಾರವನ್ನು ಬೇಕೆಂದೇ ಖಾಲಿ ಬಿಟ್ಟೆವು. ಬೆಟ್ಟದ ದಿನವನ್ನು ಮುಂಗಡವಾಗಿ ಗಟ್ಟಿ ಮಾಡಿಕೊಳ್ಳುವುದು ತಪ್ಪು ಪದ್ಧತಿ. ಮೋಡ ಕವಿದ ದಿನ ಮೇಲೆ ಹೋದರೆ ದುಡ್ಡು ಕೊಟ್ಟು ಮಂಜಿನೊಳಗೆ ಕುಳಿತಂತೆ. ಗಾಳಿ ಜೋರಾದರೆ ರೋಪ್‌ವೇ ನಿಲ್ಲುತ್ತದೆ. ಬೇಸಿಗೆಗೂ ಸ್ಕೀಯಿಂಗ್ ಕಾಲಕ್ಕೂ ನಡುವಿನ ತಿಂಗಳುಗಳಲ್ಲಿ ಕೆಲವು ಭಾಗಗಳನ್ನು ದುರಸ್ತಿಗಾಗಿ ಮುಚ್ಚುವುದೂ ಉಂಟು. ಆದ್ದರಿಂದ ಹಿಂದಿನ ರಾತ್ರಿ ಶಿಂಬುಲಾಕ್‌ನ ಪ್ರಕಟಣೆಯನ್ನೂ ಬೆಳಿಗ್ಗೆ ಅಲ್ಲಿನ ನೇರ ಕ್ಯಾಮೆರಾ ದೃಶ್ಯವನ್ನೂ ನೋಡಿಯೇ ಹೊರಡಬೇಕೆಂದು ಬರೆದುಕೊಟ್ಟೆ.

ಈ ಒಂದು ದಿನಕ್ಕಾಗಿಯೇ ಈ ಊರನ್ನು ಆರಿಸಿದ್ದೆಂದರೂ ಸರಿ. ಸಿಟಿ ಬಸ್ಸು ಇಳಿಸುವ ಮೆದೆವು ಸಮುದ್ರಮಟ್ಟದಿಂದ 1,691 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆರೆದ ಐಸ್ ಸ್ಕೇಟಿಂಗ್ ಅಂಗಣ ಸೋವಿಯತ್ ಕಾಲದಿಂದ ಲೋಕಪ್ರಸಿದ್ಧ. ಅದರ ಮೇಲ್ಗಡೆ ಕಣಿವೆಗೆ ಅಡ್ಡಲಾಗಿ ಎದ್ದಿರುವ ದೊಡ್ಡ ಒಡ್ಡನ್ನು ಹೆಚ್ಚಿನವರು ಜಲಾಶಯದ ಅಣೆಕಟ್ಟೆಂದು ತಿಳಿಯುತ್ತಾರೆ. ಅದು ಕೆಸರು ಪ್ರವಾಹವನ್ನು ತಡೆಯಲು ಕಟ್ಟಿದ್ದು. 1921ರಲ್ಲಿ ಬೆಟ್ಟದಿಂದ ಬಂಡೆ ಕೆಸರುಗಳ ಪ್ರವಾಹ ನುಗ್ಗಿ ಊರಿನಲ್ಲಿ ನೂರಾರು ಜನ ಸತ್ತಿದ್ದರು. 1966ರಲ್ಲಿ ಯೋಜಿತ ಸ್ಫೋಟದಿಂದ ಬೆಟ್ಟದ ಬಂಡೆಗಳನ್ನು ಕಣಿವೆಗೆ ಬೀಳಿಸಿ ಈ ಒಡ್ಡಿನ ಕೆಲಸ ಆರಂಭಿಸಿದರು. 1973ರ ಜುಲೈನಲ್ಲಿ ಬಂದ ಭಾರೀ ಪ್ರವಾಹವನ್ನು ಅದು ತಡೆದು ನಿಲ್ಲಿಸಿ ನಗರವನ್ನು ಉಳಿಸಿತು. ಒಡ್ಡಿನ ಮೇಲಕ್ಕೆ 842 ಮೆಟ್ಟಿಲುಗಳಿವೆ. ಮಗಳೂ ತಂದೆಯೂ ಹತ್ತುವುದು, ಅತ್ತೆ ಸೊಸೆ ಕೆಳಗೆ ಬಿಸಿಲಿನಲ್ಲಿ ಕುಳಿತು ಚಹಾ ಕುಡಿಯುವುದು ಎಂದು ಮೊದಲೇ ಹಂಚಿಕೆಯಾಯಿತು.

ಮೆದೆವುವಿನಿಂದ ಗೊಂಡೊಲಾ 2,260 ಮೀಟರಿನ ಶಿಂಬುಲಾಕ್‌ಗೂ, ಮುಂದೆ ಇನ್ನೆರಡು ಹಂತಗಳಲ್ಲಿ ಸುಮಾರು 3,200 ಮೀಟರಿನ ತಲ್ಗಾರ್ ಕಣಿವೆಬಾಯಿಗೂ ಒಯ್ಯುತ್ತದೆ. ಊರಿನ ಎತ್ತರ ಸುಮಾರು 800 ಮೀಟರ್ ಎಂದಿಟ್ಟುಕೊಂಡರೆ ಅರ್ಧ ದಿನದೊಳಗೆ 2,400 ಮೀಟರ್ ಏರಿದಂತಾಯಿತು. ಉಷ್ಣತೆ 15 ಡಿಗ್ರಿಯಷ್ಟು ಕುಸಿಯುತ್ತದೆ, ಆಮ್ಲಜನಕವೂ ಕಡಿಮೆಯಾಗುತ್ತದೆ. ವೈದ್ಯರ ಸಲಹೆಯಂತೆ ಅಜ್ಜಿ ಶಿಂಬುಲಾಕ್‌ವರೆಗೆ ಮಾತ್ರ, ಉಳಿದವರು ಹವೆ ನೋಡಿ ಮುಂದಕ್ಕೆ ಎಂದು ಗೊತ್ತಾಯಿತು. ಶಿಂಬುಲಾಕ್‌ನಲ್ಲಿಯೇ ಹಿಮಶಿಖರಗಳು ಎದುರಿಗೆ ನಿಂತಿರುವುದರಿಂದ ಅಜ್ಜಿಗೆ ಏನೂ ತಪ್ಪಿದಂತಾಗುವುದಿಲ್ಲ.

ಭಾನುವಾರದ ವಿಚಾರದಲ್ಲಿ ಮನೆಯೊಳಗೆ ವಾದವಾಯಿತು. ಮಗಳಿಗೆ ಕೈಂಡಿ ಸರೋವರ ನೋಡಬೇಕಿತ್ತು. 1911ರ ಭೂಕಂಪದ ನಂತರ ಗುಡ್ಡ ಕುಸಿದು ಕಟ್ಟಿಕೊಂಡ ಆ ನೀರಿನಲ್ಲಿ ಮುಳುಗಿದ ಸ್ಪ್ರೂಸ್ ಮರಗಳ ಬೋಳು ಕಾಂಡಗಳು ಇಂದಿಗೂ ನೆಟ್ಟಗೆ ನಿಂತಿವೆ. ಯಾರಿಗಾದರೂ ಆಸೆ ಹುಟ್ಟಿಸುವ ನೋಟ. ಒಂದು ಪ್ರವಾಸ ಸಂಸ್ಥೆ ಕೋಲ್ಸಾಯ್ ಮತ್ತು ಕೈಂಡಿ ಸರೋವರಗಳೆರಡನ್ನೂ ಒಂದೇ ದಿನದಲ್ಲಿ ತೋರಿಸುವುದಾಗಿ ಹೇಳಿತ್ತು. ಒಂದು ಕಡೆಗೆ ಸುಮಾರು 300 ಕಿಲೋಮೀಟರ್, ಕೊನೆಯ ಭಾಗದ ರಸ್ತೆ ಕೆಟ್ಟದ್ದು. ನಸುಕಿನಲ್ಲಿ ಹೊರಟು ನಡುರಾತ್ರಿ ಮರಳಬೇಕು, ಮರುದಿನ ದಣಿವಿನಲ್ಲಿ ಕಳೆಯುತ್ತದೆ. ಅದಕ್ಕೆ ಅಲ್ಲಿನ ಹಳ್ಳಿಯಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕು. ನಾನು ಬೇಡವೆಂದೇ ಹಟ ಹಿಡಿದೆ. ಬದಲಿಗೆ 200 ಕಿಲೋಮೀಟರ್ ದೂರದ ಚರಿನ್ ಕಮರಿಯನ್ನು ಸೇರಿಸಿದೆವು. ಸ್ಥಳೀಯರಿಗಾಗಿಯೇ ವಾರಾಂತ್ಯದಲ್ಲಿ ಹೊರಡುವ ಬಸ್ಸುಗಳಲ್ಲಿ ಸೀಟಿನ ಲೆಕ್ಕದಲ್ಲಿ ಅಗ್ಗವಾಗಿ ಹೋಗಿಬರಬಹುದು. ಆದರೆ ಗುಂಪಿನ ಬಸ್ಸು ಅಜ್ಜಿಗಾಗಿ ಕಾಯುವುದಿಲ್ಲ ಎಂಬ ಕಾರಣಕ್ಕೆ 14,000 ರೂಪಾಯಿ ತೆಗೆದಿಟ್ಟು ಕಾರು ಗೊತ್ತುಮಾಡಿದೆವು. ಕೆಂಪು ಬಂಡೆಗಳ ನಡುವೆ ಇಳಿದು ನಡೆಯುವುದು ಮೂವರಿಗೆ, ಮೇಲಿನ ಅಂಚಿನಿಂದ ನೋಡುವುದು ಅಜ್ಜಿಗೆ.

ಹಣ ಮತ್ತು ಫಲಿತಾಂಶ

ಅಂತಿಮ ಲೆಕ್ಕದಲ್ಲಿ ಎರಡೂ ಹಂತದ ವಿಮಾನಗಳಿಗೆ 1,72,000, ಅಲ್ಮಾಟಿಯ ವಸತಿಗೆ 27,500, ದೆಹಲಿಯ ರಾತ್ರಿಗೆ 4,500, ಊಟಕ್ಕೆ 24,000, ರೋಪ್‌ವೇ, ಬಸ್ಸು, ಟ್ಯಾಕ್ಸಿಗಳಿಗೆ 18,000, ಚರಿನ್ ಕಾರಿಗೆ 14,000, ವಿಮೆ ಮತ್ತು ಮೊಬೈಲ್ ಸಂಪರ್ಕಕ್ಕೆ 6,000, ಉಳಿದ 14,000 ಆಪತ್ತಿಗೆ ಎಂದು ಹಂಚಿಕೊಂಡರು. ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚು ವಿಮಾನಕ್ಕೇ ಹೋಗುವಾಗ, ಊಟದಲ್ಲಿ ನೂರು ಇನ್ನೂರು ಉಳಿಸಲು ಪರದಾಡುವುದಕ್ಕಿಂತ ಟಿಕೆಟ್ಟಿನ ದಿನಾಂಕವನ್ನು ಒಂದು ದಿನ ಹಿಂದೆ ಮುಂದೆ ಮಾಡಿ ನೋಡುವುದು ಹೆಚ್ಚು ಫಲ ಕೊಡುತ್ತದೆ.

ಕೈಯಲ್ಲಿ ಒಯ್ಯುವ ಹಣದ ಬಗ್ಗೆ ಎಚ್ಚರ ಬೇಕು. ಅಲ್ಲಿ ಯುಪಿಐ ನಡೆಯುವುದಿಲ್ಲ. ಬಜಾರಿನ ವ್ಯಾಪಾರಿಗಳು ಕ್ಯೂಆರ್ ಕೋಡ್ ತೋರಿಸುತ್ತಾರೆ, ಆದರೆ ಅದು ಕಾಸ್ಪಿ ಎಂಬ ಸ್ಥಳೀಯ ವ್ಯವಸ್ಥೆ, ಮುಖ್ಯವಾಗಿ ಅಲ್ಲಿನ ಖಾತೆ ಇರುವವರಿಗಾಗಿ ಇರುವುದು. ಅಂಗಡಿ ಹೋಟೆಲುಗಳಿಗೆ ಫಾರೆಕ್ಸ್ ಕಾರ್ಡ್, ಬಜಾರಿಗೆ ಅಲ್ಲಿನ ನಾಣ್ಯವಾದ ತೆಂಗೆಯ ನಗದು ಎಂದು ವಿಂಗಡಿಸಿಕೊಂಡರು. ರೂಪಾಯಿ ಒಯ್ದರೆ ಬದಲಿಸುವುದು ಕಷ್ಟ. ಡಾಲರ್ ಒಯ್ದು, ವಿಮಾನನಿಲ್ದಾಣದಲ್ಲಿ ಅಗತ್ಯವಿದ್ದಷ್ಟೇ ಬದಲಿಸಿ, ಉಳಿದದ್ದನ್ನು ಊರೊಳಗಿನ ವಿನಿಮಯ ಕೇಂದ್ರದಲ್ಲಿ ಬದಲಿಸುವುದು ಲಾಭ. ಟ್ಯಾಕ್ಸಿಗೆ ಯಾಂಡೆಕ್ಸ್ ಆ್ಯಪನ್ನು ಬೆಂಗಳೂರಿನಲ್ಲಿಯೇ ಹಾಕಿಕೊಂಡರು. ವಿಮಾನನಿಲ್ದಾಣದ ಬಾಗಿಲಲ್ಲಿ ಮೈಮೇಲೆ ಬಿದ್ದು ಕರೆಯುವವರ ದರಕ್ಕೂ ಅದರ ದರಕ್ಕೂ ಬಹಳ ಅಂತರ. ಅಲ್ಲಿ ರಷ್ಯನ್ ಮತ್ತು ಕಜಾಕ್ ಬಿಟ್ಟರೆ ಇಂಗ್ಲಿಷ್ ಬಲ್ಲವರು ಕಡಿಮೆಯಾದ್ದರಿಂದ ರಷ್ಯನ್ ಅನುವಾದವನ್ನು ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುವಂತೆ ಫೋನಿನಲ್ಲಿ ಇಳಿಸಿಕೊಂಡರು. ಅಜ್ಜಿಯ ಮಾತ್ರೆಗಳ ಜೊತೆ ವೈದ್ಯರ ಚೀಟಿಯೂ ಇತ್ತು; ವಿಮೆ ಕೊಳ್ಳುವಾಗ ರಕ್ತದೊತ್ತಡವನ್ನು ಮುಚ್ಚಿಡದೆ ನಮೂದಿಸಿದ್ದರು.

ಖಾಲಿ ಬಿಟ್ಟಿದ್ದ ಮಂಗಳವಾರ ಕೆಲಸಕ್ಕೆ ಬಂತು. ಸೋಮವಾರ ಬೆಟ್ಟದ ಮೇಲೆ ಮೋಡವಿದ್ದದ್ದನ್ನು ಕ್ಯಾಮೆರಾದಲ್ಲಿ ನೋಡಿ ಮೆಟ್ರೊ, ಉದ್ಯಾನ, ವಿಶ್ರಾಂತಿ ಎಂದು ದಿನ ಕಳೆದು, ಮರುದಿನ ತಿಳಿಯಾದ ಆಕಾಶದಲ್ಲಿ ಶಿಂಬುಲಾಕ್‌ಗೆ ಹೋದರು. ಊಟದ ಬಾಬಿನಲ್ಲಿ ಹಣ ಉಳಿಯಿತು. ಟ್ಯಾಕ್ಸಿಯ ಬಾಬಿನಲ್ಲಿ ತುಸು ಮೀರಿತು, ಏಕೆಂದರೆ ಸಂಜೆ ಚಳಿಯಲ್ಲಿ ಅಜ್ಜಿಯನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸಲು ಯಾರೂ ಒಪ್ಪಲಿಲ್ಲ. ಆಪತ್ತಿನ ಹಣ ಮುಟ್ಟದೆ ಹಿಂತಿರುಗಿದರು. ಮಗಳು ಅದನ್ನು ಕೈಂಡಿಗಾಗಿ ಬೇರೆ ಖಾತೆಯಲ್ಲಿ ಹಾಕಿಸಿದ್ದಾಳೆ. ಆ ಪ್ರವಾಸಕ್ಕೆ ಏಳು ರಾತ್ರಿಗಳಾದರೂ ಬೇಕೆಂದು ಈಗ ಅವಳೇ ಲೆಕ್ಕ ಹಾಕಿ ಹೇಳುತ್ತಾಳೆ.